ಡೈರೆಕ್ಟರ್ ಯಾರು, ಮ್ಯಾನೇಜರ್ ಯಾರು: ಗುರುತಿಸುವ ಮತ್ತು ಬಳಸುವ ಕ್ರಮ

ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ತುಂಬುವಾಗ ‘ನೀವು ಬ್ಯಾಂಕಿನ ಡೈರೆಕ್ಟರ್ ಒಬ್ಬರ ಸಂಬಂಧಿಕರೇ?’ ಎಂಬ ಪ್ರಶ್ನೆ ಎದುರಾಗುವುದುಂಟು. ತಮ್ಮ ಭಾವನೋ ಚಿಕ್ಕಪ್ಪನೋ ಅದೇ ಬ್ಯಾಂಕಿನ ಇನ್ನೊಂದು ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದರೆ ಅನೇಕರು ಈ ಪ್ರಶ್ನೆಯ ಮುಂದೆ ಪೆನ್ನು ನಿಲ್ಲಿಸಿ ‘ಹೌದು’ ಎಂದು ಬರೆಯುವುದೋ ‘ಇಲ್ಲ’ ಎಂದು ಬರೆಯುವುದೋ ತಿಳಿಯದೆ ಕುಳಿತುಬಿಡುತ್ತಾರೆ. ಅಲ್ಲಿ ಕೇಳುತ್ತಿರುವುದು ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಕೂರುವವರ ಬಗ್ಗೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 20ನೇ ಸೆಕ್ಷನ್, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬ್ಯಾಂಕು ತನ್ನದೇ ಡೈರೆಕ್ಟರುಗಳಿಗೆ ಸಾಲ ಕೊಡುವುದನ್ನು ನಿಷೇಧಿಸುತ್ತದೆ, ಸಂಬಂಧಿಕರ ಸಾಲಗಳಿಗೂ ಪ್ರತ್ಯೇಕ ನಿಯಮಗಳಿವೆ. ಶಾಖೆಯ ಮ್ಯಾನೇಜರ್ ಬ್ಯಾಂಕಿನ ನೌಕರ. ಆ ಪ್ರಶ್ನೆಗೂ ಅವರಿಗೂ ಸಂಬಂಧವಿಲ್ಲ.

ಇಬ್ಬರನ್ನೂ ನಾವು ಮಾತಿನಲ್ಲಿ ‘ಮೇಲಿನವರು’, ‘ಸಾಹೇಬರು’ ಎಂದು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಇಂಥ ಗೊಂದಲ ಹುಟ್ಟುತ್ತದೆ. ಅರ್ಜಿ ತುಂಬುವಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕಿಸಿಕೊಳ್ಳುವಾಗ, ಬೌನ್ಸ್ ಆದ ಚೆಕ್ಕಿಗೆ ನೋಟಿಸ್ ಕಳಿಸುವಾಗ, ಗೆಳೆಯನೊಬ್ಬ ‘ನಮ್ಮ ಕಂಪನಿಗೆ ನೀನೂ ಡೈರೆಕ್ಟರ್ ಆಗು’ ಎಂದು ಕರೆದಾಗ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕೈಯಿಂದ ದುಡ್ಡು ಹೋಗುತ್ತದೆ. ಆದ್ದರಿಂದ ಎದುರಿಗಿರುವ ವ್ಯಕ್ತಿ ಇವೆರಡರಲ್ಲಿ ಯಾರು ಎಂದು ಪತ್ತೆ ಮಾಡುವ ಕ್ರಮವನ್ನೂ, ಪತ್ತೆಯಾದ ಮೇಲೆ ಏನು ಮಾಡಬೇಕೆಂಬುದನ್ನೂ ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿ

ಹುದ್ದೆಯ ಹೆಸರನ್ನು ಪಕ್ಕಕ್ಕಿಟ್ಟು, ಆ ವ್ಯಕ್ತಿಯನ್ನು ಆ ಜಾಗದಲ್ಲಿ ಕೂರಿಸಿದವರು ಯಾರು ಎಂದು ವಿಚಾರಿಸಿ. ಸಂಸ್ಥೆಯ ಒಡೆಯರು, ಅಂದರೆ ಷೇರುದಾರರು ಅಥವಾ ಸದಸ್ಯರು, ತಮ್ಮ ಪರವಾಗಿ ಸಂಸ್ಥೆಯನ್ನು ನೋಡಿಕೊಳ್ಳಲು ಆರಿಸಿ ಕಳಿಸಿದವರು ಡೈರೆಕ್ಟರು. ಸಂಸ್ಥೆಯು ಸಂಬಳ ಕೊಟ್ಟು, ಇಂತಿಷ್ಟು ಕೆಲಸವನ್ನು ನಡೆಸಿಕೊಡು ಎಂದು ನೇಮಿಸಿಕೊಂಡವರು ಮ್ಯಾನೇಜರು. ಉಳಿದ ಎಲ್ಲ ವ್ಯತ್ಯಾಸಗಳೂ ಇದರಿಂದಲೇ ಹೊರಡುತ್ತವೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗಬೇಕು. ಬೆಳಿಗ್ಗೆ ಸಂಘದ ಬಾಗಿಲು ತೆಗೆಸಿ, ಹಾಲು ಅಳೆಸಿ, ಫ್ಯಾಟ್ ನೋಡಿಸಿ, ಲೆಕ್ಕ ಬರೆದು, ಬಟವಾಡೆ ಮಾಡುವವರು ಸಂಘದ ಕಾರ್ಯದರ್ಶಿ ಅಥವಾ ಮುಖ್ಯ ಕಾರ್ಯನಿರ್ವಾಹಕರು. ಅವರಿಗೆ ಸಂಘ ಸಂಬಳ ಕೊಡುತ್ತದೆ. ‘ಡೇರಿ ಡೈರೆಕ್ಟರ್’ ಎಂದು ಊರಿನವರು ಕರೆಯುವ ವ್ಯಕ್ತಿ ಮಾತ್ರ ಎಲ್ಲರಂತೆ ಕ್ಯಾನು ಹಿಡಿದು ಸರದಿಯಲ್ಲಿ ನಿಂತಿರುತ್ತಾರೆ, ಏಕೆಂದರೆ ಅವರೂ ಹಾಲು ಹಾಕುವ ಸದಸ್ಯರೇ. ಸದಸ್ಯರ ಮತದಿಂದ ಅವರು ಆಡಳಿತ ಮಂಡಳಿಗೆ ಬಂದಿದ್ದಾರೆ. ಹೊಸ ಕಟ್ಟಡ ಕಟ್ಟಬೇಕೇ, ಉಳಿದ ಲಾಭದಲ್ಲಿ ಬೋನಸ್ ಎಷ್ಟೆಂದು ಮಹಾಸಭೆಯ ಮುಂದಿಡಬೇಕು, ಕಾರ್ಯದರ್ಶಿಯ ಕೆಲಸದ ಮೇಲೆ ದೂರು ಬಂದರೆ ಏನು ಮಾಡಬೇಕು ಎಂಬಂಥ ಮಾತುಗಳು ಅವರ ಪಾಲಿಗೆ ಸೇರಿದ್ದು. ನಿಮ್ಮ ಹಾಲಿನ ಡಿಗ್ರಿ ಕಡಿಮೆ ಬರೆದಿದ್ದಾರೆಂದು ಆ ಡೈರೆಕ್ಟರಿಗೆ ಹೇಳಿದರೆ ಅವರು ಕಾರ್ಯದರ್ಶಿಯನ್ನು ಕೇಳಬಲ್ಲರು, ಮುಂದಿನ ಸಭೆಯಲ್ಲಿ ವಿಷಯ ಎತ್ತಬಲ್ಲರು. ಆದರೆ ಪುಸ್ತಕ ಎಳೆದುಕೊಂಡು ತಾವೇ ತಿದ್ದಲು ಅವರಿಗೆ ಅಧಿಕಾರವಿಲ್ಲ.

ಈ ಕೊನೆಯ ಮಾತು ಕಂಪನಿಗಳಿಗೂ ಹಾಗೆಯೇ ಅನ್ವಯಿಸುತ್ತದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಡೈರೆಕ್ಟರಿನ ಅಧಿಕಾರ ಮಂಡಳಿಯಾಗಿ ಕೂತಾಗ ಹುಟ್ಟುವಂಥದ್ದು. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಗೆ ಕನಿಷ್ಠ 2, ಪಬ್ಲಿಕ್ ಕಂಪನಿಗೆ ಕನಿಷ್ಠ 3 ಡೈರೆಕ್ಟರುಗಳಿರಬೇಕು. ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 4 ಸಭೆಗಳು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರವಿಲ್ಲದಂತೆ ನಡೆಯಬೇಕು (ಸಣ್ಣ ಕಂಪನಿಗಳಿಗೆ ಇದರಲ್ಲಿ ರಿಯಾಯಿತಿ ಇದೆ). ಸಾಲ ಎತ್ತುವುದು, ಷೇರು ಹಂಚುವುದು, ವಾರ್ಷಿಕ ಲೆಕ್ಕಪತ್ರ ಒಪ್ಪುವುದು ಮುಂತಾದವು ಮಂಡಳಿಯ ಸಭೆಯಲ್ಲಿ ಠರಾವು ಆಗಿಯೇ ತೀರ್ಮಾನವಾಗಬೇಕು. ಮಂಡಳಿ ಬಯಸಿದರೆ ಸಾಲ ಎತ್ತುವಂಥ ಕೆಲವು ಅಧಿಕಾರಗಳನ್ನು ಠರಾವಿನ ಮೂಲಕ ಮ್ಯಾನೇಜರಿಗೋ ಶಾಖೆಯ ಮುಖ್ಯ ಅಧಿಕಾರಿಗೋ ಒಪ್ಪಿಸಬಹುದು. ಹೀಗಾಗಿ ಠರಾವು ಕೈಯಲ್ಲಿರುವ ಮ್ಯಾನೇಜರ್ ಒಬ್ಬರೇ ನಿಂತು ಮಾಡಬಹುದಾದ ಕೆಲಸವನ್ನು, ಠರಾವು ಇಲ್ಲದ ಡೈರೆಕ್ಟರ್ ಒಬ್ಬರೇ ಮಾಡಲಾಗದ ಸಂದರ್ಭಗಳೂ ಇರುತ್ತವೆ. ಡೈರೆಕ್ಟರ್ ಅಂದರೆ ಮ್ಯಾನೇಜರಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯ ಹೆಜ್ಜೆ: ಅದು ಎಂಥ ಸಂಸ್ಥೆ ಎಂದು ನೋಡಿಕೊಳ್ಳಿ

ಕಾನೂನಿನ ಅರ್ಥದಲ್ಲಿ ಡೈರೆಕ್ಟರ್ ಎಂಬ ಸ್ಥಾನವಿರುವುದು ಕಂಪನಿಗಳಲ್ಲಿ. ಸಹಕಾರ ಸಂಘಗಳ ಆಡಳಿತ ಮಂಡಳಿಯ ಸದಸ್ಯರಿಗೂ ರೂಢಿಯಲ್ಲಿ ಅದೇ ಹೆಸರಿದೆ. ಪಾಲುದಾರಿಕೆಯ ಸಂಸ್ಥೆಯಲ್ಲಿ ಇರುವವರು ಪಾಲುದಾರರು. 2008ರ ಕಾಯ್ದೆಯಡಿ ಬರುವ ಸೀಮಿತ ಹೊಣೆಯ ಪಾಲುದಾರಿಕೆಗಳಾದ ಎಲ್‌ಎಲ್‌ಪಿಗಳಲ್ಲಿ ‘ಡೆಸಿಗ್ನೇಟೆಡ್ ಪಾರ್ಟ್‌ನರ್’ ಎಂಬವರಿರುತ್ತಾರೆ. ಒಬ್ಬರೇ ನಡೆಸುವ ಅಂಗಡಿ ಅಥವಾ ವ್ಯವಹಾರಕ್ಕೆ ಮಾಲೀಕರಿರುತ್ತಾರೆ, ಅಷ್ಟೆ. ಇಷ್ಟಾದರೂ ಎರಡು ಕೋಣೆಯ ಕಚೇರಿಯಲ್ಲಿ ಒಬ್ಬರೇ ಕೂತು ನಡೆಸುವ ವ್ಯವಹಾರದ ವಿಸಿಟಿಂಗ್ ಕಾರ್ಡಿನ ಮೇಲೆ ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಅಪರಾಧವೆಂದು ಎಣಿಸಬೇಕಾಗಿಲ್ಲ, ನಂಬಬೇಕಾಗಿಯೂ ಇಲ್ಲ. ಅಂಥವರೊಡನೆ ಕರಾರು ಮಾಡಿಕೊಂಡರೆ ಕರಾರಿನಲ್ಲಿ ಅವರ ಸ್ವಂತ ಹೆಸರು, ಮಾಲೀಕರೆಂಬ ವಿವರಣೆ ಮತ್ತು ವಿಳಾಸ ಇರುವಂತೆ ನೋಡಿಕೊಳ್ಳಿ.

ಸರಕಾರದಲ್ಲಿ ಮತ್ತು ವಿದ್ಯಾಸಂಸ್ಥೆಗಳಲ್ಲಿ ಈ ಪದಕ್ಕೆ ಬೇರೆಯೇ ಬಳಕೆ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನಿರ್ದೇಶಕರು ಅಥವಾ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಸರಕಾರಿ ಅಧಿಕಾರಿಗಳು. ಅವರ ಹಿಂದೆ ಷೇರುದಾರರೂ ಇಲ್ಲ, ಚುನಾವಣೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯಸ್ಥರನ್ನೂ ನಿರ್ದೇಶಕರೆಂದೇ ಕರೆಯುತ್ತಾರೆ, 1933ರಲ್ಲಿ ಸಿ.ವಿ. ರಾಮನ್ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಇಂಥಲ್ಲಿ ನಿರ್ದೇಶಕರು ಎಂದರೆ ಸಂಸ್ಥೆಯ ಇಡೀ ಕೆಲಸಕ್ಕೆ ದಿಕ್ಕು ತೋರುವ ಹೊಣೆ ಹೊತ್ತ ಒಬ್ಬ ವ್ಯಕ್ತಿ. ಗಾಂಧಿನಗರದ ಸಿನಿಮಾ ಬಳಕೆಯೂ ಇದಕ್ಕೆ ಹತ್ತಿರದ್ದು: ದೃಶ್ಯ ಹೇಗೆ ಬರಬೇಕೆಂದು ಹೇಳುವವರು ಡೈರೆಕ್ಟರ್, ಆ ದೃಶ್ಯಕ್ಕೆ ಬೇಕಾದ ವಾಹನ, ಊಟ, ಬಾಟಾ, ಅನುಮತಿ ಪತ್ರಗಳನ್ನು ಹೊಂದಿಸುವವರು ಪ್ರೊಡಕ್ಷನ್ ಮ್ಯಾನೇಜರ್. ಕಾನೂನಿನ ತೊಡಕುಗಳೆಲ್ಲ ಕಳಚಿದ ಮೇಲೆ ಉಳಿಯುವ ಮೂಲ ಅರ್ಥವ್ಯತ್ಯಾಸ ಅಲ್ಲಿ ಬಹಳ ಸ್ವಚ್ಛವಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಜೋಡಿ ಹೆಸರುಗಳನ್ನು ಬಿಡಿಸಿ ಓದಿ

‘ಮ್ಯಾನೇಜಿಂಗ್ ಡೈರೆಕ್ಟರ್’ ಅಥವಾ ವ್ಯವಸ್ಥಾಪಕ ನಿರ್ದೇಶಕ ಎಂಬುದು ಎರಡೂ ಹೊಣೆಗಳು ಒಬ್ಬರ ಮೇಲೇ ಬಿದ್ದಾಗಿನ ಹೆಸರು. ಅವರು ಮೊದಲು ಮಂಡಳಿಯ ಡೈರೆಕ್ಟರ್ ಆಗಿರಬೇಕು. ಆಮೇಲೆ ಕಂಪನಿಯ ನಿಯಮಾವಳಿ, ಒಪ್ಪಂದ ಅಥವಾ ಠರಾವಿನ ಮೂಲಕ ಆಡಳಿತದ ಗಣನೀಯ ಅಧಿಕಾರ ಅವರ ಕೈಗೆ ಬಂದಿರಬೇಕು. ಮಂಡಳಿ ಒಪ್ಪಿದೆಯೆಂದು ಚೆಕ್ಕಿಗೆ ಸಹಿ ಹಾಕುವ ದಿನನಿತ್ಯದ ಕೆಲಸವೊಂದೇ ಯಾರನ್ನೂ ಮ್ಯಾನೇಜಿಂಗ್ ಡೈರೆಕ್ಟರ್ ಮಾಡುವುದಿಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಕಂಪನಿಯ ಪೂರ್ಣಾವಧಿ ಉದ್ಯೋಗದಲ್ಲಿಯೂ ಇರುವ ಡೈರೆಕ್ಟರ್ ‘ಹೋಲ್‌ಟೈಮ್ ಡೈರೆಕ್ಟರ್’. ‘ಜನರಲ್ ಮ್ಯಾನೇಜರ್’ ಮಾತ್ರ ಎಷ್ಟೇ ದೊಡ್ಡ ಹುದ್ದೆಯಾದರೂ, ಮಂಡಳಿಗೆ ನೇಮಕವಾಗಿಲ್ಲದಿದ್ದರೆ, ನೌಕರರೇ.

ಇಲ್ಲೊಂದು ಸೂಕ್ಷ್ಮವಿದೆ. ಕಂಪನಿ ಕಾಯ್ದೆಯಲ್ಲಿ ‘ಮ್ಯಾನೇಜರ್’ ಎಂಬ ಪದಕ್ಕೆ ನಾವು ಬೀದಿಯಲ್ಲಿ ಬಳಸುವ ಅರ್ಥವಿಲ್ಲ. ಮಂಡಳಿಯ ಮೇಲ್ವಿಚಾರಣೆಯಲ್ಲಿ ಕಂಪನಿಯ ಇಡೀ ವ್ಯವಹಾರವನ್ನು, ಅಥವಾ ಬಹುಪಾಲು ವ್ಯವಹಾರವನ್ನು, ನಡೆಸುವ ವ್ಯಕ್ತಿ ಮಾತ್ರ ಆ ಕಾಯ್ದೆಯ ಕಣ್ಣಿಗೆ ಮ್ಯಾನೇಜರ್. ಒಂದು ಕಂಪನಿ ಏಕಕಾಲಕ್ಕೆ ಮ್ಯಾನೇಜಿಂಗ್ ಡೈರೆಕ್ಟರನ್ನೂ ಈ ಅರ್ಥದ ಮ್ಯಾನೇಜರನ್ನೂ ಇಟ್ಟುಕೊಳ್ಳುವಂತಿಲ್ಲ, ಇಬ್ಬರಲ್ಲಿ ಯಾರೇ ಆದರೂ ಒಂದು ಸಲಕ್ಕೆ 5 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ನೇಮಿಸುವಂತಿಲ್ಲ. ಸೇಲ್ಸ್ ಮ್ಯಾನೇಜರ್, ಅಸಿಸ್ಟೆಂಟ್ ಮ್ಯಾನೇಜರ್, ಪ್ರಾಜೆಕ್ಟ್ ಮ್ಯಾನೇಜರ್ ಎಂದು ಒಂದೇ ಮಹಡಿಯಲ್ಲಿ ಸಾಲಾಗಿ ಕೂರುವವರಿಗೆ ಈ ಕಟ್ಟುಪಾಡು ತಗಲುವುದಿಲ್ಲ. ಕಾರ್ಮಿಕ ಕಾನೂನಿನಲ್ಲಿ ಇನ್ನೂ ಬೇರೆ ಅಳತೆಗೋಲು: ಅಲ್ಲಿ ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸವನ್ನೇ ನ್ಯಾಯಾಲಯಗಳು ನೋಡುತ್ತವೆ. ಆದ್ದರಿಂದ ‘ನೀವು ಮ್ಯಾನೇಜರ್ ಗ್ರೇಡಿನವರು, ಕಾರ್ಮಿಕ ಕಾನೂನಿನ ರಕ್ಷಣೆ ನಿಮಗಿಲ್ಲ’ ಎಂದು ಯಾರಾದರೂ ಹೇಳಿದ ಕೂಡಲೇ ಒಪ್ಪಿಕೊಳ್ಳಬೇಡಿ. ನಿಮ್ಮ ಕೈಕೆಳಗೆ ಜನರಿದ್ದಾರೆಯೇ, ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಶಿಫಾರಸು ಮಾಡುವ ಅಧಿಕಾರ ನಿಮಗಿದೆಯೇ ಎಂಬುದನ್ನು ಪಟ್ಟಿ ಮಾಡಿಕೊಂಡು ವಕೀಲರನ್ನು ಕಾಣಿ.

ಅಂದ ಹಾಗೆ, ಕೆಲವು ಬ್ಯಾಂಕುಗಳ ಫಲಕದಲ್ಲಿ ಕಾಣುವ ‘ಪ್ರಬಂಧಕ’ರೂ ಇನ್ನು ಕೆಲವೆಡೆ ಕಾಣುವ ‘ವ್ಯವಸ್ಥಾಪಕ’ರೂ ಒಬ್ಬರೇ, ಮ್ಯಾನೇಜರೇ. ಹಿಂದಿಯಿಂದ ಬಂದ ಆ ‘ಪ್ರಬಂಧಕ’ವನ್ನು ಕಂಡು ಶಾಲೆಯ ಪ್ರಬಂಧ ನೆನಪಾದರೆ ತಪ್ಪು ಓದುಗರದಲ್ಲ.

ನಾಲ್ಕನೆಯ ಹೆಜ್ಜೆ: ದಾಖಲೆಯಲ್ಲಿ ಪರಿಶೀಲಿಸಿ

ಬಾಯಿಮಾತಿಗೂ ಕಾರ್ಡಿಗೂ ಮೀರಿದ ಸಾಕ್ಷಿ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿದೆ. ಅಲ್ಲಿ ‘ಕಂಪನಿ ಮಾಸ್ಟರ್ ಡೇಟಾ’ ಎಂಬ ವಿಭಾಗದಲ್ಲಿ ಕಂಪನಿಯ ಹೆಸರನ್ನೋ 21 ಅಕ್ಷರ ಮತ್ತು ಅಂಕಿಗಳ ಸಿಐಎನ್ ಎಂಬ ಕಂಪನಿ ಗುರುತಿನ ಸಂಖ್ಯೆಯನ್ನೋ ಕೊಟ್ಟರೆ ನೋಂದಾಯಿತ ವಿಳಾಸ, ನೋಂದಣಿಯಾದ ದಿನಾಂಕ ಮತ್ತು ಡೈರೆಕ್ಟರುಗಳ ಹೆಸರುಗಳು ಕಾಣುತ್ತವೆ. ಸಿಐಎನ್ ಸಂಖ್ಯೆಯನ್ನು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸುವುದು ಕಡ್ಡಾಯವಾದ್ದರಿಂದ ಅದನ್ನು ಹುಡುಕುವುದು ಕಷ್ಟವಲ್ಲ. ನಡುವಿನ ‘ಕೆಎ’ ಎಂಬ ಎರಡು ಅಕ್ಷರಗಳು ಕರ್ನಾಟಕವನ್ನೂ, ಅದರ ಪಕ್ಕದ ನಾಲ್ಕು ಅಂಕಿಗಳು ಕಂಪನಿ ನೋಂದಣಿಯಾದ ವರ್ಷವನ್ನೂ ಸೂಚಿಸುತ್ತವೆ. ಪ್ರತಿ ಡೈರೆಕ್ಟರಿಗೂ 8 ಅಂಕಿಗಳ ‘ಡಿನ್’ ಎಂಬ ಗುರುತಿನ ಸಂಖ್ಯೆ ಇರಲೇಬೇಕು. ತಾನು ಡೈರೆಕ್ಟರ್ ಎಂದು ಹೇಳಿಕೊಳ್ಳುವವರನ್ನು ವಿನಯದಿಂದಲೇ ‘ತಮ್ಮ ಡಿನ್ ಸಂಖ್ಯೆ ತಿಳಿಸುತ್ತೀರಾ?’ ಎಂದು ಕೇಳಿ. ನಿಜವಾದ ಡೈರೆಕ್ಟರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಮ್ಯಾನೇಜರ್ ಹುದ್ದೆಗೆ ಡಿನ್ ಬೇಕಿಲ್ಲ, ಅವರ ಗುರುತು ನೇಮಕ ಪತ್ರದಲ್ಲಿದೆ.

ಐದನೆಯ ಹೆಜ್ಜೆ: ಸಹಿ ಯಾರದು, ಪತ್ರ ಯಾರಿಗೆ

ನಿಮ್ಮ ಮನೆಯನ್ನೋ ಮಳಿಗೆಯನ್ನೋ ಕಂಪನಿಯೊಂದು ಬಾಡಿಗೆಗೆ ಪಡೆಯುತ್ತಿದೆ ಎಂದುಕೊಳ್ಳಿ. ಕರಾರಿನ ಕೊನೆಯಲ್ಲಿ ‘ಅಧಿಕೃತ ಸಹಿದಾರರು’ ಎಂಬ ಮೊಹರಿನ ಮೇಲೆ ಯಾರೋ ಸಹಿ ಹಾಕಿರುತ್ತಾರೆ. ಅವರು ಡೈರೆಕ್ಟರೋ ಮ್ಯಾನೇಜರೋ ಎಂಬುದಕ್ಕಿಂತ, ಆ ಕರಾರಿಗೆ ಸಹಿ ಹಾಕಲು ಮಂಡಳಿ ಅವರಿಗೆ ಅಧಿಕಾರ ಕೊಟ್ಟಿದೆಯೇ ಎಂಬುದು ಮುಖ್ಯ. ಮಂಡಳಿ ಅಧಿಕಾರ ಕೊಟ್ಟರೆ ನೌಕರರೂ ಕಂಪನಿಯ ಪರವಾಗಿ ಸಹಿ ಹಾಕಬಹುದು. ಆದ್ದರಿಂದ ಮಂಡಳಿಯ ಠರಾವಿನ, ಅಂದರೆ ಬೋರ್ಡ್ ರೆಸಲ್ಯೂಷನ್ನಿನ, ದೃಢೀಕೃತ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ಸಹಿದಾರರ ಹೆಸರು, ನಿಮ್ಮ ಆಸ್ತಿಯ ವಿವರ ಮತ್ತು ಸಭೆಯ ದಿನಾಂಕ ಇದೆಯೇ ಎಂದು ನೋಡಿ, ಕರಾರಿಗೆ ಲಗತ್ತಿಸಿಕೊಳ್ಳಿ. ಮುಂಗಡ ಕೈಗೆ ಬಂದ ಮೇಲೆ ಇದನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ದೂರು ಕೊಡುವಾಗ ಲೆಕ್ಕ ತಿರುಗಿ ಬೀಳುತ್ತದೆ. ಬಸ್ಸು ಹೊತ್ತಿಗೆ ಬರುತ್ತಿಲ್ಲವೆಂದು ಕೆಎಸ್‌ಆರ್‌ಟಿಸಿಯ ವ್ಯವಸ್ಥಾಪಕ ನಿರ್ದೇಶಕರಿಗೆ ಬರೆದ ಪತ್ರ ಕಡೆಗೆ ಬಂದು ನಿಲ್ಲುವುದು ಘಟಕ ವ್ಯವಸ್ಥಾಪಕರ ಮೇಜಿನ ಮೇಲೆಯೇ, ಏಕೆಂದರೆ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ನೋಡಿಕೊಳ್ಳುವವರು ಅವರು. ದಿನನಿತ್ಯದ ಕೆಲಸ ಕೆಟ್ಟಿದ್ದರೆ ಮೊದಲು ಮ್ಯಾನೇಜರಿಗೆ ಬರೆದು ಸ್ವೀಕೃತಿ ಪಡೆಯಿರಿ, ಉತ್ತರ ಬಾರದಿದ್ದರೆ ಆ ಸ್ವೀಕೃತಿಯೊಂದಿಗೆ ಮೇಲಕ್ಕೆ ಬರೆಯಿರಿ. ಹೊಸ ಮಾರ್ಗ ಬೇಕು, ನಿಯಮವೇ ಬದಲಾಗಬೇಕು ಎಂಬಂಥ ಕೋರಿಕೆಯಾದರೆ ಮಾತ್ರ ನೇರವಾಗಿ ಮೇಲಿನವರಿಗೆ ಬರೆಯುವುದು ಸರಿ. ಗ್ರಾಹಕ ಆಯೋಗಕ್ಕೆ ಹೋಗುವಾಗ ಕಂಪನಿಯನ್ನೇ ಎದುರುದಾರರನ್ನಾಗಿ ಮಾಡಿ. ಕೌಂಟರಿನಲ್ಲಿ ನಿಮ್ಮೊಡನೆ ಜಗಳವಾಡಿದ ಮ್ಯಾನೇಜರ್ ಒಬ್ಬರ ಹೆಸರನ್ನಷ್ಟೇ ಬರೆದು ಕಂಪನಿಯನ್ನು ಬಿಟ್ಟರೆ ಆದೇಶ ಜಾರಿಯಾಗುವ ಹೊತ್ತಿಗೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಕಂಪನಿಯ ಚೆಕ್ಕು ಬೌನ್ಸ್ ಆದಾಗ ಈ ಎರಡು ಪದಗಳ ಅಂತರ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಬ್ಯಾಂಕಿನಿಂದ ಚೆಕ್ಕು ಮರಳಿದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಅವಕಾಶವಿರುತ್ತದೆ, ಆಮೇಲೆ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ಯಾರ ಮೇಲೆ ದೂರು ಎಂಬ ಪ್ರಶ್ನೆಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 141ನೇ ಸೆಕ್ಷನ್ ಕೊಡುವ ಉತ್ತರದಲ್ಲಿ ಹುದ್ದೆಯ ಹೆಸರಿಗೆ ಎರಡನೆಯ ಸ್ಥಾನ: ಅಪರಾಧ ನಡೆದ ಸಮಯದಲ್ಲಿ ಕಂಪನಿಯ ವ್ಯವಹಾರದ ಉಸ್ತುವಾರಿ ಹೊತ್ತು, ಅದಕ್ಕೆ ಕಂಪನಿಗೆ ಉತ್ತರ ಹೇಳಬೇಕಾಗಿದ್ದವರು ಹೊಣೆ. ಬರೀ ಡೈರೆಕ್ಟರ್ ಆಗಿದ್ದರೆಂಬ ಕಾರಣಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲವೆಂದೂ, ಮ್ಯಾನೇಜಿಂಗ್ ಡೈರೆಕ್ಟರ್ ಮಾತ್ರ ಆ ಸ್ಥಾನದ ಬಲದಿಂದಲೇ ಉಸ್ತುವಾರಿಯಲ್ಲಿದ್ದವರೆಂದು ಎಣಿಸಬಹುದೆಂದೂ, ಚೆಕ್ಕಿಗೆ ಸಹಿ ಹಾಕಿದವರು ಹೊಣೆಯಿಂದ ತಪ್ಪಿಸಿಕೊಳ್ಳಲಾರರೆಂದೂ ಸುಪ್ರೀಂ ಕೋರ್ಟು 2005ರಲ್ಲಿ ಎಸ್‌ಎಂಎಸ್ ಫಾರ್ಮಸ್ಯುಟಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಹೀಗಿರುವಾಗ ಮಾಸ್ಟರ್ ಡೇಟಾದಲ್ಲಿ ಕಂಡ ಹೆಸರುಗಳನ್ನೆಲ್ಲ ದೂರಿಗೆ ತುಂಬಿದರೆ ಸಾಲದು. ಪ್ರತಿಯೊಬ್ಬರ ಪಾತ್ರವೇನೆಂದು ದೂರಿನಲ್ಲಿಯೇ ಬರೆದಿರಬೇಕು. ವ್ಯವಹಾರ ನಡೆಸುವಾಗ ನಿಮ್ಮೊಡನೆ ಮಾತಾಡಿದವರು, ಇಮೇಲ್ ಕಳಿಸಿದವರು, ದರ ಒಪ್ಪಿದವರು ಯಾರೆಂಬ ಕಾಗದಪತ್ರಗಳನ್ನು ಮೊದಲಿನಿಂದಲೇ ಜೋಪಾನ ಮಾಡಿಟ್ಟುಕೊಂಡವರಿಗೆ ಈ ಕೆಲಸ ಸುಲಭ.

ಆರನೆಯ ಹೆಜ್ಜೆ: ನಿಮ್ಮನ್ನೇ ಡೈರೆಕ್ಟರ್ ಆಗೆಂದು ಕರೆದರೆ

ಸ್ನೇಹಿತರು ಕಂಪನಿ ತೆರೆಯುವಾಗ ಎರಡನೆಯ ಡೈರೆಕ್ಟರ್ ಬೇಕೆಂದು ಹೆಂಡತಿಯ, ತಾಯಿಯ, ಕೆಲವೊಮ್ಮೆ ನಂಬಿಕೆಯ ನೌಕರರ ಹೆಸರು ಹಾಕುವುದು ಸಾಮಾನ್ಯವಾಗಿದೆ. ‘ಸುಮ್ಮನೆ ಹೆಸರಿಗೆ’ ಎಂಬ ಸಮಾಧಾನದ ಮಾತು ಅಲ್ಲಿ ಹುಟ್ಟುತ್ತದೆ. ಕಾಯ್ದೆಯಲ್ಲಿ ಹೆಸರಿಗಷ್ಟೇ ಇರುವ ಡೈರೆಕ್ಟರ್ ಎಂಬ ವರ್ಗ ಇಲ್ಲ. ಕಂಪನಿ ಸತತ 3 ಆರ್ಥಿಕ ವರ್ಷ ಲೆಕ್ಕಪತ್ರವನ್ನೋ ವಾರ್ಷಿಕ ವಿವರಣೆಯನ್ನೋ ಸಲ್ಲಿಸದಿದ್ದರೆ ಅದರ ಡೈರೆಕ್ಟರುಗಳು 5 ವರ್ಷಗಳ ಕಾಲ ಆ ಕಂಪನಿಗೆ ಮರುನೇಮಕವಾಗಲೂ ಬೇರೆ ಕಂಪನಿಗೆ ನೇಮಕವಾಗಲೂ ಅನರ್ಹರಾಗುತ್ತಾರೆ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಜಿಎಸ್‌ಟಿ ಬಾಕಿಗೆ, ತಮ್ಮ ಕಡೆಯಿಂದ ಘೋರ ನಿರ್ಲಕ್ಷ್ಯ, ದುರ್ವರ್ತನೆ ಅಥವಾ ಕರ್ತವ್ಯಲೋಪ ಆಗಿಲ್ಲವೆಂದು ಸಾಬೀತುಪಡಿಸದ ಹೊರತು, ಆ ಅವಧಿಯ ಡೈರೆಕ್ಟರುಗಳೇ ಹೊಣೆ. ಬ್ಯಾಂಕು ಕಂಪನಿಗೆ ಸಾಲ ಕೊಡುವಾಗ ಡೈರೆಕ್ಟರುಗಳ ವೈಯಕ್ತಿಕ ಜಾಮೀನು ಕೇಳುವುದು ವಾಡಿಕೆ, ಆ ಜಾಮೀನು ಡೈರೆಕ್ಟರ್ ಸ್ಥಾನ ಬಿಟ್ಟ ಮಾತ್ರಕ್ಕೆ ಕಳಚುವುದಿಲ್ಲ. ಮ್ಯಾನೇಜರಾಗಿ ಸೇರಿದವರಿಗೆ ಇಂಥ ಭಾರ ಸಾಮಾನ್ಯವಾಗಿ ಇರುವುದಿಲ್ಲ. ಸಂಬಳ ಬರುತ್ತದೆ, ನೋಟಿಸ್ ಅವಧಿ ಮುಗಿಸಿ ಹೊರಡಬಹುದು.

ಆದ್ದರಿಂದ ಒಪ್ಪಿಗೆ ಪತ್ರವಾದ ಡಿಐಆರ್-2 ನಮೂನೆಗೆ ಸಹಿ ಹಾಕುವ ಮೊದಲು ಕಂಪನಿಯ ಹಿಂದಿನ ವರ್ಷಗಳ ಸಲ್ಲಿಕೆಗಳನ್ನು ನೋಡಿ, ಸಭೆಯ ನೋಟಿಸ್ ನಿಮ್ಮ ಇಮೇಲಿಗೇ ಬರಬೇಕೆಂದು ಹೇಳಿ, ಸಭೆಗಳಿಗೆ ಹೋಗಿ. ಪೂರಾ 12 ತಿಂಗಳು ಒಂದು ಮಂಡಳಿ ಸಭೆಗೂ ಹಾಜರಾಗದಿದ್ದರೆ ಸ್ಥಾನ ತಾನಾಗಿಯೇ ಖಾಲಿಯಾಗುತ್ತದೆ, ಆದರೆ ಅಲ್ಲಿಯವರೆಗಿನ ಹೊಣೆ ಖಾಲಿಯಾಗುವುದಿಲ್ಲ. ‘ನೌಕರಿಯಲ್ಲೇ ಬಡ್ತಿ, ಇನ್ನು ಮೇಲೆ ನೀವು ಡೈರೆಕ್ಟರ್’ ಎಂಬ ಪತ್ರ ಬಂದಾಗಲೂ ಇದು ಕಂಪನಿಯೊಳಗಿನ ಪದನಾಮವೋ, ಮಂಡಳಿಯ ನೇಮಕವೋ ಎಂದು ಬರಹದಲ್ಲಿ ಕೇಳಿ. ಡಿನ್ ಕೇಳಲಿಲ್ಲ, ಡಿಐಆರ್-2ಕ್ಕೆ ಸಹಿ ಹಾಕಿಸಲಿಲ್ಲ ಎಂದರೆ ಅದು ಪದನಾಮವಷ್ಟೇ.

ಸ್ಥಾನ ಬಿಡುವಾಗ ರಾಜೀನಾಮೆಯನ್ನು ಕಂಪನಿಗೆ ಲಿಖಿತವಾಗಿ ಕೊಡಬೇಕು. ಕಂಪನಿಗೆ ಪತ್ರ ತಲುಪಿದ ದಿನ ಅಥವಾ ಪತ್ರದಲ್ಲಿ ನೀವು ಬರೆದ ದಿನ, ಇವೆರಡರಲ್ಲಿ ಯಾವುದು ತಡವೋ ಅಂದಿನಿಂದ ಅದು ಜಾರಿಗೆ ಬರುತ್ತದೆ. ಅದನ್ನು ಕಂಪನಿಗಳ ರಿಜಿಸ್ಟ್ರಾರರಿಗೆ ತಿಳಿಸುವುದು ಕಂಪನಿಯ ಕೆಲಸವಾದರೂ, 30 ದಿನದೊಳಗೆ ಡಿಐಆರ್-11 ನಮೂನೆಯಲ್ಲಿ ನೀವೇ ಪ್ರತಿ ಸಲ್ಲಿಸುವ ಅವಕಾಶವಿದೆ. ಜಗಳವಾಡಿ ಹೊರಬಂದವರು ಅದನ್ನು ಖಂಡಿತ ಬಳಸಿಕೊಳ್ಳಬೇಕು.

ಏಳನೆಯ ಹೆಜ್ಜೆ: ಹೊರದೇಶದ ಕಾರ್ಡುಗಳನ್ನು ಆಯಾ ದೇಶದ ರೂಢಿಯಲ್ಲಿ ಓದಿ

ಅಮೆರಿಕದ ರೂಢಿಯನ್ನು ಅನುಸರಿಸುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಡೈರೆಕ್ಟರ್ ಎಂಬುದು ಮ್ಯಾನೇಜರ್, ಸೀನಿಯರ್ ಮ್ಯಾನೇಜರ್ ದಾಟಿದ ಮೇಲೆ, ವೈಸ್ ಪ್ರೆಸಿಡೆಂಟಿಗಿಂತ ಮೊದಲು ಸಿಗುವ ನೌಕರಿಯ ಮೆಟ್ಟಿಲು. ಬೆಳ್ಳಂದೂರಿನಲ್ಲಿ ‘ಡೈರೆಕ್ಟರ್, ಎಂಜಿನಿಯರಿಂಗ್’ ಆಗಿರುವವರು ಮಂಡಳಿಯ ಬಾಗಿಲನ್ನೂ ನೋಡಿರಬೇಕಾಗಿಲ್ಲ. ಹೂಡಿಕೆ ಬ್ಯಾಂಕುಗಳಲ್ಲಿ ‘ಮ್ಯಾನೇಜಿಂಗ್ ಡೈರೆಕ್ಟರ್’ ಕೂಡ ಒಂದು ದರ್ಜೆಯ ಹೆಸರೇ, ಒಂದೇ ಬ್ಯಾಂಕಿನಲ್ಲಿ ಅಂಥವರು ನೂರಾರು ಮಂದಿ ಇರುತ್ತಾರೆ. ಬ್ರಿಟನ್ನಿನಲ್ಲಿ ಡೈರೆಕ್ಟರ್ ಎಂದರೆ ಇಂದಿಗೂ ಮಂಡಳಿಯ ನೆನಪೇ ಮೊದಲು ಬರುತ್ತದೆ. ಅಲ್ಲಿನ 2006ರ ಕಂಪನಿ ಕಾಯ್ದೆ, ಯಾವ ಹೆಸರಿನಿಂದ ಕರೆದರೂ ಆ ಸ್ಥಾನದಲ್ಲಿ ಕೂತು ಕೆಲಸ ಮಾಡುವವರನ್ನು ಡೈರೆಕ್ಟರ್ ಎಂದೇ ಎಣಿಸುತ್ತದೆ, ಹೆಸರುಗಳನ್ನು ‘ಕಂಪನೀಸ್ ಹೌಸ್’ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿನ ಫುಟ್‌ಬಾಲಿನಲ್ಲಿ ಮಾತ್ರ ಮ್ಯಾನೇಜರಿಗೆ ಬೇರೆಯೇ ಗತ್ತು: 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರಾಗಿದ್ದ ಅಲೆಕ್ಸ್ ಫರ್ಗ್ಯುಸನ್ ತಂಡದ ಆಯ್ಕೆಯಿಂದ ಆಟದ ತಂತ್ರದವರೆಗೆ ಎಲ್ಲವನ್ನೂ ನಡೆಸಿದರು, ನಿವೃತ್ತರಾದ ಮೇಲೆ ಅದೇ ಕ್ಲಬ್ಬಿನ ಡೈರೆಕ್ಟರಾದರು. ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಪ್ರವಾಸದ ಏರ್ಪಾಡು, ಶಿಸ್ತು, ವರದಿಗಳನ್ನು ನೋಡಿಕೊಳ್ಳುವವರು. ಬೌಲಿಂಗ್ ಬದಲಾವಣೆ ಅವರ ಕೆಲಸವಲ್ಲ.

ರೆಸ್ಯೂಮೆ ಬರೆಯುವಾಗ ಇದೇ ಎಚ್ಚರಿಕೆ ಬೇಕು. ಪದನಾಮವನ್ನು ನೇಮಕ ಪತ್ರದಲ್ಲಿದ್ದಂತೆಯೇ ಬರೆದು, ಮುಂದಿನ ಸಾಲಿನಲ್ಲಿ ಎಷ್ಟು ಜನರ ತಂಡ, ಎಷ್ಟು ಮೊತ್ತದ ಬಜೆಟ್, ಯಾರಿಗೆ ವರದಿ ಮಾಡುತ್ತಿದ್ದಿರಿ ಎಂಬುದನ್ನು ಸೇರಿಸಿ. ಲಂಡನ್ನಿನ ಓದುಗರು ಮಂಡಳಿಯ ಸದಸ್ಯತ್ವವೆಂದು ಊಹಿಸುವ ಸಾಧ್ಯತೆ ಇರುವಲ್ಲಿ, ಅದು ನೌಕರಿಯ ದರ್ಜೆ ಎಂದು ನಾಲ್ಕು ಪದಗಳಲ್ಲಿ ಹೇಳಿಬಿಡಿ. ಕೆಲಸಕ್ಕೆ ಸೇರುವಾಗಿನ ಘೋಷಣಾ ಪತ್ರಗಳಲ್ಲಿ ‘ಬೇರೆ ಯಾವುದಾದರೂ ಕಂಪನಿಯ ಡೈರೆಕ್ಟರ್ ಆಗಿದ್ದೀರಾ?’ ಎಂದು ಕೇಳಿದ್ದರೆ ಅಲ್ಲಿ ಲೆಕ್ಕಕ್ಕೆ ಬರುವುದು ಡಿನ್ ಸಂಖ್ಯೆಯಿರುವ ಸ್ಥಾನಗಳು ಮಾತ್ರ. ಅಣ್ಣನ ಕಂಪನಿಯಲ್ಲಿ ವರ್ಷಗಳ ಹಿಂದೆ ‘ಹೆಸರಿಗೆ’ ಹಾಕಿಸಿಕೊಂಡ ಸ್ಥಾನ ಇನ್ನೂ ನಿಮ್ಮ ಹೆಸರಿನಲ್ಲಿಯೇ ಉಳಿದಿದೆಯೇ ಎಂದು ಮಾಸ್ಟರ್ ಡೇಟಾದಲ್ಲಿ ನೋಡಿಕೊಂಡು ಉತ್ತರ ಬರೆಯಿರಿ.